ಕಿಟಕಿಯ ಸೀಟು ಯಾರಿಗೆ?



ಈ ಸಲ ಅಂಕಣಕ್ಕೆ ವಿಷಯ ಹುಡುಕಿಕೊಂಡು ಹೋಗಬೇಕಾಗಲಿಲ್ಲ. ಅದು ನಮ್ಮ ಮನೆಯಲ್ಲೇ ನಡೆಯಿತು. ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯಾದರೂ ಹೇಳುತ್ತೇನೆ. ಯಾಕೆಂದರೆ ನಿಮ್ಮಲ್ಲಿ ಅನೇಕರು ಇವತ್ತು ಮನೆಯವರಿಗೆಲ್ಲ ಟಿಕೆಟ್ ತೆಗೆಯುವ ಜವಾಬ್ದಾರಿ ಹೊತ್ತವರು. ಅಪ್ಪ ಅಮ್ಮಂದಿರು ಕನ್ನಡಕ ಹುಡುಕುವಷ್ಟರಲ್ಲಿ ನೀವು ಮೊಬೈಲಿನಲ್ಲಿ ಟಿಕೆಟ್ ಮುಗಿಸಿ ದುಡ್ಡನ್ನೂ ಕಟ್ಟಿರುತ್ತೀರಿ. ಆದ್ದರಿಂದ ಈ ಮಾತು ನಿಮಗೇ ಸೇರಬೇಕಾದದ್ದು.

ನನ್ನ ತಾಯಿಗೆ ಈಗ ಎಪ್ಪತ್ತಾರು. ಕುಂದಾಪುರದಲ್ಲಿ ತಮ್ಮನ ಮನೆಯಲ್ಲಿದ್ದಾರೆ. ವರ್ಷಕ್ಕೊಮ್ಮೆ ಡೊಂಬಿವಲಿಗೆ ಬಂದು ಎರಡು ತಿಂಗಳು ನಮ್ಮ ಜೊತೆ ಇದ್ದು ಹೋಗುವುದು ರೂಢಿ. ಅವರಿಗೆ ಪ್ರಯಾಣ ಹೊಸತಲ್ಲ. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾಗುವ ಮೊದಲು ರಾತ್ರಿ ಬಸ್ಸಿನಲ್ಲಿ, ತೊಡೆಯ ಮೇಲೆ ನನ್ನ ತಂಗಿಯನ್ನೂ ಕಾಲ ಬುಡದಲ್ಲಿ ಹಪ್ಪಳದ ಡಬ್ಬಿಯನ್ನೂ ಇಟ್ಟುಕೊಂಡು ಬಂದವರು. ಆಮೇಲೆ ರೈಲು ರೂಢಿಯಾಯಿತು. ವಿಮಾನ ಮಾತ್ರ ಹತ್ತಿರಲಿಲ್ಲ. ಕಳೆದ ಬೇಸಗೆಯಲ್ಲಿ ಅವರು ಊರಿಗೆ ಹೊರಟಾಗ ನನ್ನ ಮಗ, "ಈ ಸಲ ಅಜ್ಜಿ ವಿಮಾನದಲ್ಲೇ ಹೋಗಲಿ, ನನ್ನ ಸಂಬಳದಲ್ಲಿ ನಾನೇ ಟಿಕೆಟ್ ತೆಗೆಯುತ್ತೇನೆ" ಎಂದ. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ನಮಗೆಲ್ಲ ಹೆಮ್ಮೆ.

ಅವನು ಕೇಳದೆ ಮಾಡಿದನೆಂದು ಹೇಳುವಂತಿಲ್ಲ. ಅಜ್ಜಿಯ ಪಕ್ಕ ಕುಳಿತು, "ಅಜ್ಜಿ, ನಿಂಗೆ ಯಾವ ಸೀಟ್ ಬೇಕು? ವಿಂಡೋನಾ, ಐಲಾ?" ಎಂದು ಕೇಳಿದ್ದ. ಅವರು ನಕ್ಕು, "ಎಲ್ಲಿ ಕೂಕಂಡ್ರೂ ಅಡ್ಡಿಲ್ಲೆ ಮಗಾ" ಎಂದರು. "ಬೆಳಿಗ್ಗೆ ಬೇಗ ಹೊರಟ್ರೆ ಪರವಾಗಿಲ್ವಾ?" ಎಂದರೆ ಅದಕ್ಕೂ "ಅಡ್ಡಿಲ್ಲೆ". ಅವನು ನನ್ನ ಕಡೆ ತಿರುಗಿ, "ಅಪ್ಪ, ಬೆಳಗಿನ ಐದೂವರೆಯ ಫ್ಲೈಟಿಗೆ ಒಂಬೈನೂರು ರೂಪಾಯಿ ಕಡಿಮೆ. ಸೀಟು ಆರಿಸಿದರೆ ಬೇರೆ ದುಡ್ಡು. ಅಜ್ಜಿ ಹೇಗೂ ಎಲ್ಲಾದರೂ ಸರಿ ಅಂದಿದ್ದಾರೆ" ಎಂದ. ನಾನು ಪೇಪರಿನಿಂದ ತಲೆ ಎತ್ತದೆ "ಆಗಲಿ" ಎಂದೆ.

ಐದೂವರೆಯ ವಿಮಾನವೆಂದರೆ ಡೊಂಬಿವಲಿಯಿಂದ ರಾತ್ರಿ ಎರಡಕ್ಕೆ ಹೊರಡಬೇಕು. ಅಮ್ಮ ಮಲಗಲೇ ಇಲ್ಲ. ಸೀರೆ ಉಟ್ಟು, ಕೈಚೀಲ ಹಿಡಿದು ಹನ್ನೊಂದರಿಂದ ಹಾಲಿನಲ್ಲೇ ಕುಳಿತಿದ್ದರು. ವಿಮಾನದಲ್ಲಿ ಸಿಕ್ಕಿದ್ದು ಹಿಂದಿನ ಸಾಲೊಂದರಲ್ಲಿ ನಡುವಿನ ಸೀಟು. ಬಜ್ಪೆಯಲ್ಲಿ ಇಳಿದ ಮೇಲೆ ಕುಂದಾಪುರಕ್ಕೆ ಕಾರಿನಲ್ಲಿ ಮತ್ತೆ ಎರಡು ಗಂಟೆಗೂ ಮೇಲಿನ ದಾರಿ. ಮನೆಯ ಜಗಲಿ ಹತ್ತುವಾಗ ತಲೆಸುತ್ತಿ ಬಿದ್ದರು. ದೇವರ ದಯೆ, ಮೂಳೆ ಮುರಿಯಲಿಲ್ಲ. ಮೈಯಲ್ಲಿ ನೀರಿನಂಶ ತೀರ ಕಡಿಮೆಯಾಗಿದೆ ಎಂದು ಡಾಕ್ಟರರು ಸಲೈನ್ ಏರಿಸಿದರು. ಎರಡು ದಿನ ಆಸ್ಪತ್ರೆಯಲ್ಲಿರಬೇಕಾಯಿತು.

ಫೋನಿನಲ್ಲಿ ಮಗ ಕೇಳಿದ: "ಅಜ್ಜಿ, ನೀರು ಯಾಕೆ ಕುಡೀಲಿಲ್ಲ?"

"ಕುಡಿದ್ರೆ ಏಳ್ಕಲ್ದಾ ಮಗಾ? ಹತ್ರ ಕೂಕಂಡವ್ರ್ ನಿದ್ರಿ ಮಾಡ್ತಿದ್ರ್. ಅವ್ರನ್ ಹ್ಯಾಂಗ್ ಏಳ್ಸುದ್?"

ಹಿಂದಿನ ರಾತ್ರಿ ಎಂಟು ಗಂಟೆಯಿಂದಲೇ ಅವರು ನೀರು ಮುಟ್ಟಿರಲಿಲ್ಲ. ಪರ ಊರಿನ ಗಂಡಸರಿಬ್ಬರ ನಡುವೆ ಕುಳಿತು, ಶೌಚಾಲಯಕ್ಕೆ ಹೋಗಬೇಕೆಂದು ಹೇಳಲು ಭಾಷೆಯೂ ಬಾರದೆ, ನಾಚಿಕೆಯನ್ನೂ ಬಿಡಲಾರದೆ ಅಷ್ಟು ಹೊತ್ತು ಕಳೆದಿದ್ದರು. ಆ ರಾತ್ರಿ ಮಗ ಊಟ ಮಾಡಲಿಲ್ಲ. "ಒಂಬೈನೂರು ರೂಪಾಯಿ ಅಪ್ಪ" ಎಂದಷ್ಟೇ ಹೇಳಿದ. ಅವನಿಗೆ ಏನು ಹೇಳಲಿ? "ಆಗಲಿ" ಎಂದವನು ನಾನು.

ಮಿತ್ರರೇ, ಈ ಘಟನೆಯ ನಂತರ ನಾನೂ ಮಗನೂ ವಿಮಾನಪ್ರಯಾಣದ ಸಂಗತಿಗಳನ್ನು ಸ್ವಲ್ಪ ಕುಳಿತು ತಿಳಿದುಕೊಂಡೆವು. ಸೀಟು, ಸಮಯ, ಹತ್ತುವ ಸರದಿ, ಇವು ಮೂರೂ ಮೇಲ್ನೋಟಕ್ಕೆ ಸಣ್ಣ ಸಂಗತಿಗಳು. ಆದರೆ ಒಂದೊಂದರ ಹಿಂದೆಯೂ ಒಂದು ಕಾರಣವಿದೆ. ಆ ಕಾರಣ ಗೊತ್ತಿದ್ದರೆ ಯಾರಿಗೆ ಯಾವುದು ಒಪ್ಪುತ್ತದೆಂದು ನಾವೇ ತೀರ್ಮಾನಿಸಬಹುದು.

ಮೊದಲು ಸೀಟಿನ ಮಾತು. ನಮ್ಮ ದೇಶದೊಳಗೆ ಹೆಚ್ಚಾಗಿ ಹಾರುವ ಏರ್‌ಬಸ್ 320, ಬೋಯಿಂಗ್ 737 ವಿಮಾನಗಳಲ್ಲಿ ಸಾಲಿಗೆ ಆರು ಸೀಟು, ನಡುವೆ ಒಂದೇ ದಾರಿ. ಎ ಮತ್ತು ಎಫ್ ಕಿಟಕಿಯವು. ಸಿ ಮತ್ತು ಡಿ ದಾರಿಯ ಪಕ್ಕದವು, ಅಂದರೆ ಐಲ್ ಸೀಟು. ಬಿ ಮತ್ತು ಇ ನಡುವಿನವು. ನಡುವಿನದನ್ನು ಬಯಸಿ ಕೇಳುವವರು ಅಪರೂಪ. ಹಾಗಾಗಿ ದುಡ್ಡು ಕೊಟ್ಟು ಆರಿಸದವರ ಪಾಲಿಗೆ ಕೊನೆಗೆ ಉಳಿಯುವುದು ಬಹಳ ಸಲ ಅದೇ. ಕಾಲು ಚಾಚಬೇಕೆನ್ನುವವರು, ಆಗಾಗ ಏಳಬೇಕಾದವರು, ಇಳಿಯುವ ಅವಸರದವರು ಐಲ್ ಕೇಳುತ್ತಾರೆ. ನಿದ್ದೆ ಮಾಡುವವರು, ಹೊರಗೆ ನೋಡುವವರು ಕಿಟಕಿ ಕೇಳುತ್ತಾರೆ. ಹೆದರಿಕೆಯಿರುವವರಿಗೆ ರೆಕ್ಕೆಯ ಹತ್ತಿರದ ಸಾಲು ಒಳ್ಳೆಯದು. ಬಸ್ಸಿನ ಹಿಂದಿನ ಸೀಟು ಎತ್ತಿ ಹಾಕುವಂತೆ ವಿಮಾನದ ಬಾಲದ ಕಡೆಯೂ ಕುಲುಕಾಟ ಹೆಚ್ಚು. ವಿಮಾನದ ತೂಕದ ನಡುಬಿಂದು ರೆಕ್ಕೆಯ ಬಳಿ ಇರುವುದರಿಂದ ಅಲ್ಲಿ ಅದು ಕಡಿಮೆ. ಆದರೆ ಅಲ್ಲಿ ಕುಳಿತರೆ ಕಿಟಕಿಯಿಂದ ಕಾಣುವುದು ಹೆಚ್ಚಾಗಿ ರೆಕ್ಕೆಯೇ!

ತುರ್ತು ಬಾಗಿಲ ಪಕ್ಕದ ಸಾಲಿನಲ್ಲಿ ಕಾಲಿಗೆ ಜಾಗ ಹೆಚ್ಚು. ಹಾಗೆಂದು ಅಜ್ಜ ಅಜ್ಜಿಯರಿಗೆ ಅದನ್ನು ತೆಗೆಯಬೇಡಿ. ಅಪಾಯ ಬಂದರೆ ಬಾಗಿಲು ತೆರೆಯಲು ಶಕ್ತರಾದವರನ್ನು ಮಾತ್ರ ಅಲ್ಲಿ ಕೂರಿಸುತ್ತಾರೆ. ಅದು ನಿಮ್ಮಂಥ ಗಟ್ಟಿಮುಟ್ಟು ಮೈಯವರ ಜಾಗ. ಕುಳಿತ ಮೇಲೆ ಸಿಬ್ಬಂದಿ ಹೇಳುವುದನ್ನು ಕಿವಿಯ ಯಂತ್ರ ತೆಗೆದಿಟ್ಟು ಕೇಳಿ.

ಇನ್ನೊಂದು ಸಂಗತಿ. ಹುಬ್ಬಳ್ಳಿ, ಮೈಸೂರು, ಶಿವಮೊಗ್ಗದಂಥ ಊರುಗಳಿಗೆ ಹೋಗುವ ಪಂಖದ ಎಟಿಆರ್ ವಿಮಾನದಲ್ಲಿ ಸಾಲಿಗೆ ನಾಲ್ಕೇ ಸೀಟು. ನಡುವಿನ ಸೀಟೆಂಬ ತಾಪತ್ರಯವೇ ಇಲ್ಲ. ರೆಕ್ಕೆ ತಲೆಯ ಮೇಲಿರುವುದರಿಂದ ಕೆಳಗಿನ ಹೊಲ ಗದ್ದೆ ಚೆನ್ನಾಗಿ ಕಾಣುತ್ತವೆ. ಹತ್ತುವುದು ಇಳಿಯುವುದು ಹಿಂದಿನ ಬಾಗಿಲಿನಿಂದ. ಆದ್ದರಿಂದ ಬೇಗ ಇಳಿಯಬೇಕೆಂದು ಮುಂದಿನ ಸಾಲಿಗೆ ದುಡ್ಡು ಕೊಟ್ಟವರು ಅಲ್ಲಿ ಎಲ್ಲರಿಗಿಂತ ಕೊನೆಗೆ ಇಳಿಯುತ್ತಾರೆ!

ಸೀಟಿನ ಸಂಖ್ಯೆಯೇ ಇಲ್ಲದಿದ್ದ ಕಾಲವೂ ಒಂದಿತ್ತು. ನಮ್ಮ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ 2003ರಲ್ಲಿ ಆರಂಭಿಸಿದ ಏರ್ ಡೆಕ್ಕನ್ ಸಾಮಾನ್ಯ ಜನರಿಗೆ ವಿಮಾನದ ಬಾಗಿಲು ತೆರೆದ ಸಂಸ್ಥೆ. ಅದರಲ್ಲಿ ಮೊದಲು ಹತ್ತಿದವರಿಗೆ ಇಷ್ಟ ಬಂದ ಸೀಟು. ಊರಿನ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಅಭ್ಯಾಸವಿದ್ದ ನಮಗೆ ಅದೇನೂ ಕಷ್ಟವೆನಿಸಲಿಲ್ಲವೆನ್ನಿ. ಅಮೆರಿಕದ ಸೌತ್‌ವೆಸ್ಟ್ ಸಂಸ್ಥೆಯೂ 1971ರಿಂದ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಇದೇ ಪದ್ಧತಿ ನಡೆಸಿ 2026ರ ಜನವರಿಯಲ್ಲಿ ಕೈಬಿಟ್ಟಿತು. ತನ್ನ ಪ್ರಯಾಣಿಕರಲ್ಲಿ ನೂರಕ್ಕೆ 80 ಮಂದಿ ಮೊದಲೇ ಗೊತ್ತುಮಾಡಿದ ಸೀಟನ್ನು ಬಯಸುತ್ತಾರೆಂದು ಅದು 2024ರಲ್ಲಿ ಹೇಳಿತ್ತು. ತನ್ನ ಜಾಗ ಎಲ್ಲಿ ಎಂದು ಮುಂಚೆಯೇ ಗೊತ್ತಿದ್ದರೆ ಮನುಷ್ಯನಿಗೆ ನೆಮ್ಮದಿ. ಮೊದಲ ಸಲ ಹೊರಟ ಮುದುಕಿಗೆ ಆ ನೆಮ್ಮದಿ ಎಷ್ಟು ಬೇಕೆಂದು ನಾನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಹತ್ತುವ ಸರದಿ. ಗೇಟಿನ ಬಳಿ ಕರೆಯುವ ಮೊದಲೇ ಎದ್ದು ಸಾಲು ನಿಲ್ಲುವುದರಲ್ಲಿ ನಾವು ಭಾರತೀಯರು ಯಾರಿಗೂ ಕಡಿಮೆಯಿಲ್ಲ. ಸೀಟು ಗೊತ್ತಾದ ಮೇಲೂ ಈ ಅವಸರ ಯಾಕೆ? ತಲೆಯ ಮೇಲಿನ ಪೆಟ್ಟಿಗೆಯಲ್ಲಿ ಚೀಲಕ್ಕೆ ಜಾಗ ಸಿಗಲಿ ಎಂದು. ಹಿಂದಿನ ಸಾಲಿನವರನ್ನು ಮೊದಲು ಹತ್ತಿಸಿದರೆ ಬೇಗ ಮುಗಿಯುತ್ತದೆಂದು ನಮಗೆಲ್ಲ ಅನಿಸುತ್ತದೆ. ಅದು ನಿಜವಲ್ಲ. ಜೇಸನ್ ಸ್ಟೆಫೆನ್ ಎಂಬ ಅಮೆರಿಕದ ಖಭೌತ ವಿಜ್ಞಾನಿ 2008ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಆಮೇಲೆ ವಿಮಾನದ ಮಾದರಿಯೊಂದರಲ್ಲಿ 72 ಜನರನ್ನು ಹತ್ತಿಸಿ ಪರೀಕ್ಷೆಯನ್ನೂ ಮಾಡಿದರು. ಹಿಂದಿನಿಂದ ಮುಂದಕ್ಕೆ ಹತ್ತಿಸುವುದಕ್ಕಿಂತ ಬಂದವರನ್ನು ಬಂದ ಹಾಗೆ ಬಿಡುವುದೇ ವೇಗವಾಗಿತ್ತು. ಕಿಟಕಿಯವರು ಮೊದಲು, ನಡುವಿನವರು ಆಮೇಲೆ, ಐಲಿನವರು ಕೊನೆಗೆ ಎಂಬ ಕ್ರಮ ಅದಕ್ಕಿಂತಲೂ ವೇಗ. ಕಾರಣ ಸರಳ. ಅಕ್ಕಪಕ್ಕದ ಸಾಲಿನವರೆಲ್ಲ ಒಟ್ಟಿಗೆ ಬಂದರೆ ಒಬ್ಬರು ಚೀಲ ಏರಿಸುವವರೆಗೆ ಉಳಿದವರು ದಾರಿಯಲ್ಲಿ ನಿಲ್ಲಬೇಕು. ಬೇರೆ ಬೇರೆ ಸಾಲಿನವರು ಬಂದರೆ ನಾಲ್ಕಾರು ಚೀಲಗಳು ಏಕಕಾಲಕ್ಕೆ ಮೇಲೇರುತ್ತವೆ.

ಈ ಲೆಕ್ಕವೆಲ್ಲ ಗಟ್ಟಿಮುಟ್ಟಾದವರಿಗೆ. ವಯಸ್ಸಾದವರು ನಿಧಾನವಾಗಿ ಹತ್ತಬೇಕು. ಅವರಿಗೂ ಮಕ್ಕಳೊಂದಿಗರಿಗೂ ಮೊದಲು ಹತ್ತಲು ಅವಕಾಶ ಕೊಡುವುದು ವಾಡಿಕೆ. ಆದರೆ ಅದನ್ನು ಕೇಳಿ ಪಡೆಯಬೇಕು. ಗಾಲಿಕುರ್ಚಿ ಬೇಕಾದರೆ ಟಿಕೆಟ್ ತೆಗೆಯುವಾಗಲೇ ತಿಳಿಸಿ. ಗಾಲಿಕುರ್ಚಿ ಎಂದ ಕೂಡಲೇ ನಮ್ಮ ಹಿರಿಯರು "ನಾನೇನು ಕುಂಟಿಯಾ?" ಎಂದು ಸಿಡುಕುವುದುಂಟು. ನಿಲ್ದಾಣದೊಳಗೆ ಅರ್ಧ ಮುಕ್ಕಾಲು ಕಿಲೋಮೀಟರ್ ನಡೆಯಬೇಕಾದೀತು ಎಂದು ತಾಳ್ಮೆಯಿಂದ ಹೇಳಿದರೆ ಒಪ್ಪುತ್ತಾರೆ.

ಮೂರನೆಯದು ಸಮಯ. ಬೆಳಗಿನ ಮೊದಲ ವಿಮಾನಕ್ಕೆ ಒಂದು ಗುಣವಿದೆ. ಅದು ಹಿಂದಿನ ರಾತ್ರಿಯೇ ಬಂದು ನಿಂತಿರುವುದರಿಂದ ಹೆಚ್ಚಾಗಿ ಹೊತ್ತಿಗೆ ಸರಿಯಾಗಿ ಹೊರಡುತ್ತದೆ. ಒಂದೇ ವಿಮಾನ ದಿನಕ್ಕೆ ಐದಾರು ಸಲ ಹಾರುತ್ತದೆ. ಬೆಳಿಗ್ಗೆ ಎಲ್ಲೋ ಅರ್ಧ ಗಂಟೆ ತಡವಾದರೆ ಅದು ಸಂಜೆಯ ಪ್ರಯಾಣಿಕರ ತಲೆಯ ಮೇಲೆ ಬರುತ್ತದೆ. ಕಚೇರಿ ಕೆಲಸಕ್ಕೆ, ಸಂದರ್ಶನಕ್ಕೆ ಹೋಗುವ ನಿಮಗೆ ಬೆಳಗಿನದೇ ಸರಿ. ದಿಲ್ಲಿಯ ಮಿತ್ರರಿಗೆ ಮಾತ್ರ ಡಿಸೆಂಬರ್, ಜನವರಿಯಲ್ಲಿ ಲೆಕ್ಕ ತಿರುವುಮುರುವು. ಮಂಜು ಕವಿಯುವುದು ಬೆಳಗಿನ ಜಾವದಲ್ಲೇ. ನಮ್ಮ ಬಜ್ಪೆ ಗುಡ್ಡದ ತಲೆಯ ಮೇಲಿನ ನಿಲ್ದಾಣ. ಮಳೆಗಾಲದಲ್ಲಿ ಮೋಡ ಕವಿದು ವಿಮಾನ ಇಳಿಯಲಾರದೆ ಬೇರೆ ಊರಿಗೆ ತಿರುಗುವುದುಂಟು. ಹಾಗಾದರೆ ಬೆಳಕಿರುವಾಗಲೇ ಊರು ಸೇರುವ ಹಾಗೆ ಸ್ವಲ್ಪ ಹೊತ್ತು ಕೈಯಲ್ಲಿಟ್ಟುಕೊಂಡು ಹೊರಡುವುದು ಜಾಣತನ. ಮುಂಬಯಿಯವರು ಇನ್ನೊಂದನ್ನು ನೋಡಬೇಕು. 2025ರ ಡಿಸೆಂಬರ್ 25ರಿಂದ ನವಿ ಮುಂಬಯಿಯ ನಿಲ್ದಾಣವೂ ಕೆಲಸ ಆರಂಭಿಸಿದೆ. ಟಿಕೆಟಿನಲ್ಲಿ ಯಾವ ನಿಲ್ದಾಣ, ಯಾವ ಟರ್ಮಿನಲ್ ಎಂದು ಎರಡು ಸಲ ಓದಿ.

ಆದರೆ ಟಿಕೆಟಿನ ಮೇಲಿನ ಸಮಯ ಪೂರ್ತಿ ಪ್ರಯಾಣದ ಸಮಯವಲ್ಲ. ಮನೆ ಬಾಗಿಲಿನಿಂದ ಮನೆ ಬಾಗಿಲಿನವರೆಗೆ ಲೆಕ್ಕ ಹಾಕಬೇಕು. ಒಂದೂವರೆ ಗಂಟೆಯ ಹಾರಾಟಕ್ಕೆ ನನ್ನ ತಾಯಿ ಇಡೀ ರಾತ್ರಿಯ ನಿದ್ದೆ ಮತ್ತು ಹನ್ನೆರಡು ಗಂಟೆಗೂ ಮೇಲಿನ ನೀರು ಬಿಟ್ಟಿದ್ದರು. ಹಾರುವ ವಿಮಾನದೊಳಗಿನ ಗಾಳಿ ಬಹಳ ಒಣ. ಅಲ್ಲಿ ನೀರು ಹೆಚ್ಚೇ ಕುಡಿಯಬೇಕು. ಇದನ್ನು ನಾವ್ಯಾರೂ ಅವರಿಗೆ ಹೇಳಿರಲಿಲ್ಲ.

ಹನ್ನೆರಡು ವರ್ಷದೊಳಗಿನ ಮಕ್ಕಳನ್ನು ಅದೇ ಟಿಕೆಟಿನಲ್ಲಿರುವ ತಂದೆ ತಾಯಿ ಅಥವಾ ಪಾಲಕರಲ್ಲಿ ಒಬ್ಬರ ಪಕ್ಕದಲ್ಲಾದರೂ ಕೂರಿಸಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರ ಏಪ್ರಿಲಿನಲ್ಲಿ ವಿಮಾನ ಸಂಸ್ಥೆಗಳಿಗೆ ಸೂಚಿಸಿತು. ಒಳ್ಳೆಯ ಮಾತು. ಅಜ್ಜಿಯ ಪಕ್ಕ ಯಾರು ಕೂರಬೇಕೆಂಬುದನ್ನು ಮಾತ್ರ ಮನೆಯವರೇ ನೋಡಿಕೊಳ್ಳಬೇಕು.

ಈಗ ನಾನು ಹೇಳಬೇಕೆಂದಿದ್ದ ಮುಖ್ಯ ಮಾತಿಗೆ ಬರುತ್ತೇನೆ. ನಿಮ್ಮಲ್ಲಿ ಬಹುಮಂದಿ ಹುಟ್ಟಿದ್ದು ಇಲ್ಲೇ, ಈ ಊರುಗಳಲ್ಲೇ. ಮನೆಯಲ್ಲಿ ಕನ್ನಡ ಮಾತಾಡುತ್ತೀರಿ. ಊಟ ಆಯಿತೇ, ಯಾವಾಗ ಬಂದಿರಿ, ಚೆನ್ನಾಗಿದ್ದೀರಾ ಎಂದು ಕೇಳುತ್ತೀರಿ. ಅದೇ ನಮಗೆ ಸಂತೋಷ. ಆದರೆ ನಮ್ಮ ಹಿರಿಯರ ಕನ್ನಡದಲ್ಲಿ ಕೆಲವು ಮಾತುಗಳಿಗೆ ನಿಘಂಟಿನ ಅರ್ಥ ಸಾಲದು. "ಅಡ್ಡಿಲ್ಲೆ" ಎಂಬುದು ಅಂಥ ಮಾತು. ಕುಂದಾಪುರದ ಕಡೆ ಅದಕ್ಕೆ "ತೊಂದರೆಯಿಲ್ಲ, ಆಗಬಹುದು" ಎಂದರ್ಥ. ಬೇರೆ ಕಡೆಯವರು "ಪರವಾಗಿಲ್ಲ", "ನಡೀತದೆ", "ಏನೋ ಒಂದು ಮಾಡು" ಎನ್ನುತ್ತಾರೆ. ಈ ಮಾತಿನೊಳಗೆ ಒಂದು ಇಡೀ ತಲೆಮಾರಿನ ಸಂಕೋಚವಿದೆ. ನನ್ನಿಂದ ಯಾರಿಗೂ ಭಾರವಾಗಬಾರದು, ಮಕ್ಕಳ ದುಡ್ಡು ಹೆಚ್ಚು ಖರ್ಚಾಗಬಾರದು, ಕೇಳಿದರೆ ಆಸೆಬುರುಕಿ ಎಂದಾರು ಎನ್ನುವುದೆಲ್ಲ ಅದರಲ್ಲಿ ಸೇರಿದೆ. ಅವರು ಬೇಡವೆನ್ನುವುದಿಲ್ಲ, ಬೇಕೆಂದೂ ಅನ್ನುವುದಿಲ್ಲ. ಅಡ್ಡಿಲ್ಲೆ ಎಂದರೆ ಮಾತು ಮುಗಿಯಿತೆಂದು ನನ್ನ ಮಗ ತಿಳಿದ. ಅವನ ತಪ್ಪಿಲ್ಲ. ಆ ಮಾತನ್ನು ಕೇಳುತ್ತಲೇ ಬೆಳೆದ ನಾನು ತಿಳಿಯಬೇಕಿತ್ತು.

ಹಾಗಾದರೆ ಹೇಗೆ ಕೇಳಬೇಕು? ದೀಪಾವಳಿಗೆ ಊರಿಗೆ ಹೋದಾಗ ಮಗನೇ ನನಗೆ ಅದನ್ನು ತೋರಿಸಿಕೊಟ್ಟ. ಬರುವಾಗ ಅಜ್ಜಿಯನ್ನೂ ಕರೆತರುವುದೆಂದು ನಿಶ್ಚಯವಾಗಿತ್ತು. ಈ ಸಲ ಅವನು ಯಾವ ಸೀಟು ಬೇಕೆಂದು ಕೇಳಲೇ ಇಲ್ಲ. ಸಂಜೆ ಜಗಲಿಯಲ್ಲಿ ಕುಳಿತು, ತನಗೆ ಬರುವ ಹರಕುಮುರುಕು ಕುಂದಾಪುರ ಕನ್ನಡದಲ್ಲಿ, "ಅಜ್ಜಿ, ಹೋದ್ ಸಲ ವಿಮಾನದಿಂದ ಎಂತ ಕಂಡಿತ್?" ಎಂದ.

"ಎಂತ ಕಾಂಬುದ್ ಮಗಾ? ನಡುವಲ್ ಕೂಕಂಡದ್ದ್. ನಮ್ಮೂರ್ ಮೇಲಿಂದ ಹ್ಯಾಂಗ್ ಕಾಂತ್ತ್ ಅಂದ್ ಕಾಂಬುಕೆ ಆಸಿ ಇದ್ದಿತ್."

ಆಸೆ ಇತ್ತು! ಅವರಿಗೆ ಐಲ್ ಸೀಟೇ ಸರಿ, ಪದೇ ಪದೇ ಏಳಬೇಕಲ್ಲ ಎಂದು ನಾವು ಮುಂಬಯಿಯಲ್ಲಿ ಕುಳಿತು ಆರು ತಿಂಗಳು ತೀರ್ಮಾನಿಸಿದ್ದೆವು. ಅವರಿಗೆ ಬೇಕಾಗಿದ್ದದ್ದು ಕಿಟಕಿ.

ಮಗ ಹನ್ನೊಂದು ಗಂಟೆಯ ವಿಮಾನದಲ್ಲಿ ರೆಕ್ಕೆಗಿಂತ ಮುಂದೆ, ಏಳನೆಯ ಸಾಲಿನ ಎ, ಬಿ, ಸಿ ಮೂರೂ ಸೀಟು ತೆಗೆದ. ಮಂಗಳೂರಿನಿಂದ ಮುಂಬಯಿಗೆ ಬರುವಾಗ ವಿಮಾನ ಉತ್ತರಕ್ಕೆ ಮುಖ ಮಾಡಿರುತ್ತದೆ. ಎಡಕ್ಕೆ ಸಮುದ್ರ, ಬಲಕ್ಕೆ ಘಟ್ಟ. ಅದಕ್ಕೇ ಎಡಗಡೆಯ ಕಿಟಕಿ. ಅಜ್ಜಿ ಕಿಟಕಿಗೆ, ಮೊಮ್ಮಗ ನಡುವೆ, ನಾನು ಐಲಿನಲ್ಲಿ. ಸೀಟಿಗೆಂದು ಕೊಟ್ಟ ಹೆಚ್ಚಿನ ದುಡ್ಡು ಎಷ್ಟೆಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ದಿನ ಆಕಾಶ ಶುಭ್ರವಾಗಿತ್ತು. ವಿಮಾನ ಕರಾವಳಿಗೆ ತುಸು ಒಳಗಿನಿಂದ ಹೋಯಿತು. ಏರಿ ಹತ್ತು ಹದಿನೈದು ನಿಮಿಷವಾಗಿರಬೇಕು. ಕೆಳಗೆ ಹೊಳೆಗಳು ಒಂದಕ್ಕೊಂದು ಸೇರಿ ಸಮುದ್ರಕ್ಕೆ ಬಾಯಿ ತೆರೆದ ಜಾಗ ಕಂಡಿತು. ಅಮ್ಮ ಗಾಜಿಗೆ ಹಣೆ ಒತ್ತಿ, "ಅಗಾ, ಗಂಗೊಳ್ಳಿ! ಅದೇ ಅಲ್ದಾ?" ಎಂದು ಸಾಲಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಹೇಳಿದರು. ಐದು ಹೊಳೆ ಕೂಡುವ ಆ ಕಡವನ್ನು ದೋಣಿಯಲ್ಲಿ ದಾಟಿ ಮದುವೆಯಾಗಿ ಬಂದವರು ಅವರು. ಮೇಲಿನಿಂದ ನೋಡಿದ್ದು ಅದೇ ಮೊದಲು.

ಅರ್ಧ ದಾರಿಯಲ್ಲಿ ಮಗ ನೀರಿನ ಬಾಟಲಿ ಕೊಟ್ಟ. ಪೂರ್ತಿ ಕುಡಿದರು. ಸ್ವಲ್ಪ ಹೊತ್ತಿಗೆ ಅವನ ತೋಳಿಗೆ ತಿವಿದು, "ಮಗಾ, ಒಂಚೂರ್ ಏಳ್, ನಂಗ್ ಹೋಯ್ಕ್" ಎಂದರು. ನಾವಿಬ್ಬರೂ ಎದ್ದೆವು. ಅಷ್ಟೇ.

ಆಗ ನನಗೆ ಹೊಳೆಯಿತು. ಹೋದ ಸಲ ಅವರಿಗೆ ಕೊರತೆಯಾದದ್ದು ಸೀಟಿನದಲ್ಲ. ಸಂಕೋಚವಿಲ್ಲದೆ "ಏಳು" ಎಂದು ಹೇಳಬಹುದಾದ ಒಬ್ಬ ಮನುಷ್ಯ ಪಕ್ಕದಲ್ಲಿರಲಿಲ್ಲ. ತನ್ನವರು ಪಕ್ಕದಲ್ಲಿದ್ದರೆ ಕಿಟಕಿಯೂ ಸರಿ, ನಡುವೂ ಸರಿ. ಒಂಟಿಯಾಗಿ ಕಳಿಸಲೇಬೇಕಾದರೆ ಐಲ್ ಸೀಟು ತೆಗೆಯಿರಿ. ಗಾಲಿಕುರ್ಚಿಗೆ ಹೇಳಿಡಿ. ಹಗಲಿನ ವಿಮಾನ ನೋಡಿ. "ಟಾಯ್ಲೆಟ್ ಜಾನಾ ಹೈ" ಎಂಬ ಮೂರು ಮಾತನ್ನು ಬಾಯಿಪಾಠ ಮಾಡಿಸಿ. ಅದನ್ನು ಹೇಳುವುದು ನಾಚಿಕೆಯ ಸಂಗತಿಯಲ್ಲವೆಂದೂ ಹೇಳಿ.

ಮುಂದಿನ ಸಲ ಮನೆಯ ಹಿರಿಯರಿಗೆ ಟಿಕೆಟ್ ತೆಗೆಯುವಾಗ ಬೆಲೆ ನೋಡುವ ಮೊದಲು ಐದು ನಿಮಿಷ ಅವರ ಪಕ್ಕ ಕುಳಿತುಕೊಳ್ಳಿ. ಅವರು "ಅಡ್ಡಿಲ್ಲೆ" ಎಂದರೆ ಅಲ್ಲಿಗೆ ಏಳಬೇಡಿ. ಇನ್ನೊಂದು ಪ್ರಶ್ನೆ ಕೇಳಿ. ಅದನ್ನು ಅವರದೇ ಕನ್ನಡದಲ್ಲಿ ಕೇಳಿ. ತಪ್ಪಾದರೆ ನಗುತ್ತಾರೆ, ನಗಲಿ. ನಕ್ಕ ಮೇಲೆಯೇ ಅವರು ಮನಸ್ಸಿನಲ್ಲಿದ್ದದ್ದನ್ನು ಹೇಳುವುದು.

ನಿಮ್ಮ ಮನೆಯ ಹಿರಿಯರು "ಅಡ್ಡಿಲ್ಲೆ"ಗೆ ಬದಲಾಗಿ ಏನನ್ನುತ್ತಾರೆ? ಧಾರವಾಡದ ಕಡೆ, ಮೈಸೂರಿನ ಕಡೆ, ಕಲಬುರಗಿಯ ಕಡೆ? ಬರೆದು ತಿಳಿಸಿ. ಕನ್ನಡದಲ್ಲಿ ಬರೆಯಲು ಬಾರದಿದ್ದರೆ ಅಜ್ಜಿಯ ಹತ್ತಿರ ಬರೆಸಿ. ಆ ನೆಪದಲ್ಲಾದರೂ ಅವರ ಪಕ್ಕ ಕುಳಿತ ಹಾಗಾಗುತ್ತದೆ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.